ಓರೆ ಹರಳು

"ಅದನ್ನ ಕಸಕ್ಕೆ ಹಾಕು. ಈ ನೇರವಾಗಿರೋದನ್ನ ಯಂತ್ರದಲ್ಲಿ ಇಡು," ಎಂದರು ಪ್ರೊಫೆಸರ್.

ಚಿಮುಟದಲ್ಲಿ ಹಿಡಿದಿದ್ದ, ಕಿರುಬೆರಳ ಉಗುರಿನಷ್ಟು ಓರೆ ಹರಳಿನ ಚೂರನ್ನು ಸಂಶೋಧಕಿ ಕೆಳಗಿಡಲಿಲ್ಲ. ವಿದ್ಯುತ್ತಿನ ಗುಣವನ್ನೂ ಅಯಸ್ಕಾಂತದ ಗುಣವನ್ನೂ ಒಂದೇ ಹರಳಿನಲ್ಲಿ ಸಂಸಾರ ಹೂಡಿಸುವುದು ಅವಳ ಕೆಲಸ. ಅಂಥ ಹರಳಿಗೆ ಮಲ್ಟಿಫೆರಾಯಿಕ್ ಎಂಬ ಬಾಯಿತುಂಬುವ ಹೆಸರು. ವಿದ್ಯುತ್ತು ಹೇಳಿದ ಮಾತು ಕೇಳುತ್ತಿತ್ತು. ಅಯಸ್ಕಾಂತ ಮಾತ್ರ ಶುರುವಿನಿಂದಲೂ ಕೈಕೊಡುತ್ತಿತ್ತು. ಇವತ್ತೂ ಸಿಗದಿದ್ದರೆ ಈ ವಿಷಯವನ್ನೇ ಬಿಟ್ಟು ಬೇರೆಯದನ್ನು ಹಿಡಿಯಬೇಕೆಂದು ಪ್ರೊಫೆಸರ್ ಖಡಾಖಂಡಿತವಾಗಿ ಹೇಳಿದ್ದರು. ಅಳೆಯುವ ಯಂತ್ರ ಸಂಜೆಯವರೆಗೆ ಮಾತ್ರ ಅವರದ್ದು. ಒಂದೇ ಒಂದು ಚೂರಿಗೆ ಸಮಯವಿತ್ತು.

ಪ್ರೊಫೆಸರಿಗೆ ಲ್ಯಾಬಿನವರು ಇಟ್ಟ ಹೆಸರು ಮಟ್ಟಗೋಲು. ಗೋಡೆಯ ಕ್ಯಾಲೆಂಡರ್ ಕೂದಲೆಳೆಯಷ್ಟು ವಾಲಿದ್ದರೂ ಅವರಿಗೆ ಊಟ ಸೇರದು. ಎಕ್ಸ್‌ರೇಯಲ್ಲಿ ಹರಳು ಓರೆ ಎಂದು ಕಂಡರೆ ಮುಗಿಯಿತು, ಅದರ ಜಾಗ ಕಸದ ಬುಟ್ಟಿ.

"ಸರ್, ನೆಟ್ಟಗಿರೋದೇ ತೊಂದರೆ. ಹರಳಿನೊಳಗೆ ಕಬ್ಬಿಣದ ಪರಮಾಣು ಒಂದು ಮೇಲಕ್ಕೆ ಎಳೆದ್ರೆ ಪಕ್ಕದ್ದು ಕೆಳಕ್ಕೆ ಎಳೆಯುತ್ತೆ. ಸರಿಸಮ ಜಗ್ಗಾಟ, ಕೊನೆಗೆ ಸೊನ್ನೆ. ಹರಳಿನ ಚೌಕಟ್ಟು ಒಂಚೂರು ಓರೆಯಾದ್ರೆ ಎರಡೂ ಒಂದೇ ಕಡೆ ಸ್ವಲ್ಪ ವಾಲುತ್ವೆ. ಆ ಸ್ವಲ್ಪ ಉಳಿಯುತ್ತೆ. ನಮಗೆ ಬೇಕಾಗಿರೋದು ಅದೇ."

"ಹರಳಿನ ಅಳತೆಗೆ ಕೂಡದ ಬಿಲ್ಲೆನ ಅಡಿಗಿಟ್ಟು ಅದರ ಮೇಲೆ ಹರಳು ಬೆಳೆಸಿ, ಈಗ ನನಗೇ ಪಾಠ ಹೇಳ್ತೀಯಲ್ಲಮ್ಮಾ!"

"ಬಿಲ್ಲೆ ಅಳತೆ ಕೂಡದೆ ಇದ್ದಿದ್ದಕ್ಕೇ ಸರ್ ಅದು ವಾಲಿರೋದು," ಎಂದವಳೇ, ಉತ್ತರಕ್ಕೆ ಕಾಯದೆ, ಓರೆ ಚೂರನ್ನೇ ಯಂತ್ರಕ್ಕೆ ಇಳಿಸಿದಳು.

ಯಂತ್ರ ಹೊರಗಿನ ಅಯಸ್ಕಾಂತದ ಸೆಳೆತವನ್ನು ಏರಿಸಿ ಇಳಿಸಿದಂತೆ ತೆರೆಯ ಮೇಲೆ ಗೆರೆ ಹತ್ತಿತು, ಇಳಿಯತೊಡಗಿತು. ಹೋದ ದಾರಿಯಲ್ಲೇ ವಾಪಸು ಬಂದರೆ ಕಥೆ ಮುಗಿದಂತೆ; ನೆಟ್ಟಗಿದ್ದ ಚೂರುಗಳೆಲ್ಲ ಹಾಗೇ ಬಂದಿದ್ದವು. ಈ ಗೆರೆ ಬೇರೆ ದಾರಿ ಹಿಡಿಯಿತು. ಹೋದ ದಾರಿ, ಬಂದ ದಾರಿ ಎರಡರ ನಡುವೆ ತೆಳ್ಳನೆಯ ಎಲೆಯಂಥ ಜಾಗ ತೆರೆದುಕೊಂಡಿತು. ಹೊರಗಿನ ಸೆಳೆತ ನಿಂತ ಮೇಲೂ ಸ್ವಲ್ಪ ಒಳಗೇ ಉಳಿದಿತ್ತು; ಹರಳು ಅಯಸ್ಕಾಂತವಾಗಿತ್ತು. ಅವಳಿಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು.

ಪ್ರೊಫೆಸರ್ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು.

"ಒಂದು ಚೂರು ತೋರಿಸಿದ್ರೆ ಯಾರೂ ಹೂಂ ಅನ್ನಲ್ಲ. ಇದೇ ತಪ್ಪನ್ನ ಇನ್ನೊಂದ್ಸಲ ಹೀಗೇ ಮಾಡೋಕಾಗುತ್ತಾ?"

"ಆಗ್ಲೇ ಇಂಥದ್ದೇ ಇನ್ನೊಂದು ಮಾಡಿದ್ದೆ ಸರ್. ಬೆಳಿಗ್ಗೆ ನೀವೇ ಬುಟ್ಟಿಗೆ ಹಾಕಿದ್ರಿ."

ಮಟ್ಟಗೋಲು ಅಂಗಿಯ ತೋಳು ಮಡಚಿಕೊಂಡು, ಸೊಂಟ ಬಗ್ಗಿಸಿ, ಕಸದ ಬುಟ್ಟಿಯೊಳಗೆ ಮೊಣಕೈವರೆಗೂ ಕೈ ಹಾಕಿದರು.