ಎತ್ತು ಕಟ್ಟಿದ ಆಸ್ಟಿನ್

ಆನೆಕೊಂಡದ ಬೋರಣ್ಣ ಮಗನಿಗೆ ಹೆಣ್ಣು ನೋಡಲು ಹರಿಹರಕ್ಕೆ ಕಾರಿನಲ್ಲಿ ಹೊರಟ. ಕಾರಿನ ಮುಂದೆ ಎರಡು ಎತ್ತು ಕಟ್ಟಿದ್ದ. ಪೆಟ್ರೋಲು ಉಳಿಸಲು ಅವನು ಕಂಡುಕೊಂಡಿದ್ದ ದಾರಿ ಅದು. ಹತ್ತಿ ಚೆನ್ನಾಗಿ ಬಂದ ವರ್ಷ ಮಿಲ್ಲಿನ ಧಣಿಯೊಬ್ಬರ ಹಳೆಯ ಆಸ್ಟಿನ್ ಕಾರನ್ನು ಹುಮ್ಮಸ್ಸಿನಲ್ಲಿ ಕೊಂಡಿದ್ದನೇ ಹೊರತು, ಅದಕ್ಕೆ ಪೆಟ್ರೋಲು ಕುಡಿಸುವುದೆಂದರೆ ಅವನ ಜೀವ ಹಿಡಿಯಷ್ಟಾಗುತ್ತಿತ್ತು. ನೊಗಕ್ಕೆ ಬಿಗಿದ ಹಗ್ಗದ ಇನ್ನೊಂದು ತುದಿ ಬಂಪರಿನಲ್ಲಿತ್ತು. ಸ್ಟಿಯರಿಂಗ್ ಹಿಡಿದು ಮಗ ಕಾಟಪ್ಪ ಕುಳಿತಿದ್ದ. ಹಿಂದಿನ ಸೀಟಿನಲ್ಲಿ ಹಣ್ಣುಕಾಯಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಂಡತಿ ಕೆಂಚಕ್ಕ ಮುಖ ಬಿಗಿದಿದ್ದಳು.

ಕಾರಿನ ಯಜಮಾನ ಕಿಟಕಿಯಿಂದ ತಲೆ ಹೊರಹಾಕಿ ಹೋಯ್ ಹೋಯ್ ಎಂದು ಕೂಗಿದರೆ ಮರ್ಯಾದೆಯೇ? ಹಾಗಾಗಿ ಬೋರಣ್ಣ ಎತ್ತುಗಳಿಗೆ ರಬ್ಬರ್ ಹಾರನ್ನಿನ ಪಾಠ ಹೇಳಿಕೊಟ್ಟಿದ್ದ. ಪೋಂ ಎಂದೊಡನೆ ಕಾರಿನ ಮುಂದೆ ಬಂದು ನಿಂತರೆ ಒಂದು ಹಿಡಿ ಹಿಂಡಿ. ಇನ್ನೊಮ್ಮೆ ಪೋಂ ಎಂದರೆ ನಡೆಯಬೇಕು. ಪಾಪ, ಶ್ರದ್ಧೆಯಿಂದ ಕಲಿತಿದ್ದವು.

ಕಾಟಪ್ಪನ ಚಿಂತೆಯೇ ಬೇರೆ. ಅಪ್ಪನ ಜಿಪುಣತನದ ಸುದ್ದಿ ಮುಟ್ಟಿ ಈಗಾಗಲೇ ಎರಡು ಕಡೆ ಹೆಣ್ಣು ತಪ್ಪಿತ್ತು. ಅದಕ್ಕೆ ಅವನೇನೂ ಕೊರಗಿರಲಿಲ್ಲ. ಆದರೆ ಹರಿಹರದ ಉಚ್ಚೆಂಗೆಮ್ಮನನ್ನು ಅವನು ಮಾಯಕೊಂಡದ ಒಂದು ಮದುವೆಯಲ್ಲಿ ನೋಡಿದ್ದ. ಪಂಕ್ತಿಯಲ್ಲಿ ಇವನ ಎಲೆಗೆ ಕೇಳದೆಯೇ ಎರಡನೇ ಸಲ ಪಾಯಸ ಬಡಿಸಿ ನಕ್ಕಿದ್ದಳು. ಈ ಹೆಣ್ಣೂ ತಪ್ಪಿದರೆ ಮದುವೆಯೇ ಬೇಡವೆಂದು ಮನಸ್ಸಿನಲ್ಲೇ ಹಟ ಹಿಡಿದಿದ್ದ.

"ಅಪ್ಪಾ, ಹರಿಹರದೋರು ಯಾರಾರ ನೋಡಿದ್ರೆ?"

"ಎಲ್ಲಿ ನೋಡ್ತಾರೆ? ಊರ ಹೊರಗಿನ ಹುಣಸೆ ತೋಪಿನಾಗೆ ಎತ್ತು ಬಿಡಾನ. ಅಲ್ಲಿಂದ ಇಂಜಿನ್ ಹಾಕು."

"ಗಿಡಕ್ಕೆ ಕಟ್ಟಬ್ಯಾಡೇನು ಅವನ್ನ?"

"ಯಾಕ ಕಟ್ಟಬೇಕು? ಹಾರನ್ ಕೇಳೋತಂಕ ಒಂದ್ ಹೆಜ್ಜೆ ಕೀಳಲ್ಲ ಅವು," ಎಂದು ಬೋರಣ್ಣ ಮೀಸೆ ತಿರುವಿದ.

ತೋಪಿನಲ್ಲಿ ಬಂಪರಿನಿಂದ ಹಗ್ಗ ಬಿಚ್ಚಿದರು. ಕಾಟಪ್ಪ ಹ್ಯಾಂಡಲ್ ತಿರುಗಿಸಿ ಬೆವರಿಳಿಸಿದ ಮೇಲೆ ಇಂಜಿನ್ ಕೆಮ್ಮುತ್ತಾ ಎಚ್ಚರಗೊಂಡಿತು. ತೋಪಿನ ಹಿಂದಿನ ಬೀದಿಯಲ್ಲೇ ಹೆಣ್ಣಿನ ಮನೆ. ಕಾರು ಹೋಗಿ ನಿಂತರೂ ಯಾರೂ ಹೊರಗೆ ಬರಲಿಲ್ಲ. ಪೆಟ್ರೋಲು ಸುಟ್ಟುಕೊಂಡು ಬಂದದ್ದನ್ನು ಯಾರೂ ನೋಡದಿದ್ದರೆ ಹೇಗೆ? ಬೋರಣ್ಣ ಕೈ ಚಾಚಿ ಹಾರನ್ ಅಮುಕಿದ, ಬೀದಿಗೆಲ್ಲ ಕೇಳುವಂತೆ.

ಹೆಣ್ಣಿನ ಅಪ್ಪ ಬೊಮ್ಮಣ್ಣ ಟವೆಲ್ಲು ಸರಿಪಡಿಸಿಕೊಳ್ಳುತ್ತಾ ಓಡಿ ಬಂದ. "ಬರ್ರಿ, ಬರ್ರಿ, ಒಳಗೆ ಕೂಡ್ರಿ. ಕಾರು ಭಾರಿ ಐತೆ ಬಿಡ್ರಿ!"

ಅವನ ಮಾತು ಮುಗಿಯುವ ಮೊದಲೇ ಬೀದಿಯ ತಿರುವಿನಲ್ಲಿ ಕೊರಳ ಗಂಟೆಯ ಸದ್ದು ಕೇಳಿಸಿತು. ನೊಗ ಹೊತ್ತ ಜೋಡಿ ಎತ್ತು ಹಗ್ಗ ಎಳೆದುಕೊಂಡು ಗಂಭೀರವಾಗಿ ನಡೆದು ಬಂದವು. ಕಾರನ್ನು ಬಳಸಿ ಮುಂದೆ ಹೋಗಿ, ಬಂಪರಿಗೆ ಬೆನ್ನು ಕೊಟ್ಟು ನಿಂತವು. ಬಲಗಡೆಯದು ಹಿಂಡಿಗಾಗಿ ತಿರುಗಿ ಬೋರಣ್ಣನ ಮುಖ ನೋಡಿತು.

"ಇವು ಯಾರವ್ರೀ?" ಬೊಮ್ಮಣ್ಣ ಕೇಳಿದ.

ಬೋರಣ್ಣ ಮೆಲ್ಲಗೆ ಹಾರನ್ನಿನಿಂದ ಕೈ ಎಳೆದುಕೊಂಡ. ಹಿಂದಿನ ಸೀಟಿನಿಂದ ಕೆಂಚಕ್ಕನೇ ಹೇಳಿದಳು: "ನಮ್ಮವೇ ಅಣ್ಣಾ. ನಮ್ಮನ್ನ ಇಲ್ಲೀತಂಕ ಕರ್ಕೊಂಡು ಬಂದೋರು ಇವ್ರೇ."

ಕಾಟಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹಗ್ಗ, ನೊಗ, ಬಂಪರು ಎಲ್ಲವನ್ನೂ ನೋಡಿ ಬೊಮ್ಮಣ್ಣನ ನಗು ಮಾಯವಾಯಿತು. "ಇಂಜಿನ್ ಇರೋ ಕಾರಿಗೆ ಎತ್ತು ಕಟ್ಟೋ ಮನಿಗೆ ಮಗಳ್ನ ಹೆಂಗ್ರೀ ಕೊಡೋದು? ಹೊಟ್ಟೆ ತುಂಬ ಉಣ್ಣಾಕೆ ಆದ್ರೂ ಇಕ್ತೀರೋ ಇಲ್ಲೋ?"

ಅಷ್ಟರಲ್ಲಿ ಒಳಗಿನಿಂದ ಉಚ್ಚೆಂಗೆಮ್ಮ ಬಂದಳು. ಕೈಯಲ್ಲಿ ಕಾಫಿಯ ತಟ್ಟೆ ಇರಲಿಲ್ಲ, ಕಲಗಚ್ಚಿನ ಬಕೆಟ್ ಇತ್ತು. ಅದನ್ನು ಎತ್ತುಗಳ ಮುಂದಿಟ್ಟು, ನೊಗದ ಕೆಳಗೆ ಕೈ ಹಾಕಿ ಕುತ್ತಿಗೆ ಸವರಿ ನೋಡಿದಳು. ಕಾಟಪ್ಪ ತಡೆಯಲಾರದೆ ಕೆಳಗಿಳಿದು ಬಕೆಟ್ ವಾಲದಂತೆ ಹಿಡಿದುಕೊಂಡ.

"ಅಪ್ಪಾ, ಇವುಗಳ ಹೆಗಲು ನೋಡು. ಒಂದ್ ಗಾಯ ಇಲ್ಲ, ಮೈ ಮ್ಯಾಲೆ ಒಂದ್ ಬಾಸುಂಡೆ ಇಲ್ಲ. ಹೆಂಗೆ ಮೈಕೈ ತುಂಬ್ಕೊಂಡಾವೆ! ಎತ್ತಿಗೆ ಹಿಂಗೆ ಇಕ್ಕೋರು ಸೊಸಿಗೆ ಇಕ್ಕಲ್ಲೇನು?" ಎಂದು ಅವಳು ತಲೆ ತಗ್ಗಿಸಿ ನಕ್ಕಳು. "ಪಾಯಸ ಬೇಕಂದ್ರೆ ನಾನೇ ಎರಡ್ ಸಲ ಬಡಿಸ್ಕೊಂತೀನಿ."

ಬೊಮ್ಮಣ್ಣ ಮಗಳನ್ನು ನೋಡಿದ, ಬಕೆಟ್ ಹಿಡಿದು ಕೂತ ಹುಡುಗನನ್ನು ನೋಡಿದ. ಆಮೇಲೆ ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. ಕಾಫಿ, ಉಪ್ಪಿಟ್ಟು, ಎಲೆ ಅಡಿಕೆ ಎಲ್ಲ ಆಯಿತು. ಮಾತೂ ಗಟ್ಟಿಯಾಯಿತು.

ಹೊರಡುವಾಗ ಕಾಟಪ್ಪ ಹಗ್ಗವನ್ನು ಬಂಪರಿಗೆ ಬಿಗಿಯಲು ಹೋದ.

"ಬ್ಯಾಡ ಬಿಡಲೇ. ಇಂಜಿನ್ ಹಾಕು," ಎಂದ ಬೋರಣ್ಣ.

ಕೆಂಚಕ್ಕ ಗಂಡನ ಹಣೆ ಮುಟ್ಟಿ ನೋಡಿದಳು.

"ಎತ್ತು?" ಕಾಟಪ್ಪ ಕೇಳಿದ.

"ಇಲ್ಲೇ ಇರ್ಲಿ. ನಾಳೆ ಇವನ್ನ ಒಯ್ಯೋ ನೆವಕ್ಕೆ ನೀನೊಬ್ನೇ ಬಾ. ಬರಾಗ ಇಂಜಿನ್ ಮ್ಯಾಲೆ ಬಾ, ಜಲ್ದಿ ಮುಟ್ತೀಯ. ವಾಪಸ್ ಹೋಗಾಗ ಎತ್ತು ಕಟ್ಕೋ, ಪೆಟ್ರೋಲ್ ಉಳೀತೈತೆ." ಬೋರಣ್ಣ ಸೀಟಿನಲ್ಲಿ ಕುಳಿತು ಬಾಗಿಲು ಎಳೆದುಕೊಂಡ. "ಹಾರನ್ ಮಾತ್ರ ಒಂದೇ ಸಲ ಒತ್ತು. ಬರಬೇಕಾದೋರು ಬರ್ತಾರೆ."