ಬಾಲ್ಕನಿ ಗೋಡೆಯ ಸಂದು

ಬಾಲ್ಕನಿ ಗೋಡೆಯ ಸಂದಿಗೆ ತುಂಬಿದ ಫೋಮ್ ಉಬ್ಬಿ ಗಟ್ಟಿಯಾಗುತ್ತಿದ್ದಂತೆ ಒಳಗಿನಿಂದ ಕೀಚು ಕೀಚು ಸದ್ದು ಬಂತು. ಶಿವಾನಿ ಬೆಚ್ಚಿದಳು. ಬ್ರೂಕ್‌ಫೀಲ್ಡ್‌ನ ಆ ಫ್ಲ್ಯಾಟಿನಲ್ಲಿ ಬಾವಲಿಗಳ ಹಿಕ್ಕೆ ಒರೆಸಿ ಅವಳಿಗೆ ಸಾಕಾಗಿತ್ತು. ಆದರೂ ಒಂದು ಜೀವವೂ ಸಾಯಬಾರದೆಂದು, ಮುಸ್ಸಂಜೆ ಎಲ್ಲವೂ ಹಾರಿಹೋಗುವವರೆಗೆ ಕಾದಿದ್ದೇ ಸಂದು ಮುಚ್ಚಿದ್ದಳು.

"ಅತ್ತೀ, ಒಳಗ ಇನ್ನೂ ಅದಾವ್ರಿ!"

ಹಾವೇರಿಯಿಂದ ಬಂದಿದ್ದ ಅತ್ತೆ ಸಿದ್ದಮ್ಮ ಗೋಡೆಗೆ ಕಿವಿಯಿಟ್ಟರು. "ಮರಿ ಅದಾವವಾ. ಹಾರಾಕ ಬರಂಗಿಲ್ಲ ಅವಕ್ಕ. ತಾಯಿ ಅಷ್ಟ ಹೊರಗ ಹೋಗ್ಯಾವು."

ಶಿವಾನಿ ಪ್ರಾಣಿ ರಕ್ಷಣೆಯವರಿಗೆ ಫೋನ್ ಮಾಡಿದಳು. "ಮರಿ ಹಾರೋದು ಕಲಿಯೋವರೆಗೂ ಮುಚ್ಚಬಾರ್ದು ಮೇಡಂ," ಎಂದಳು ಅತ್ತ ಕಡೆಯ ಹುಡುಗಿ. "ಈಗ್ಲೇ ಗ್ಲೌಸ್ ಹಾಕ್ಕೊಂಡು ಫೋಮ್ ಕಿತ್ತುಬಿಡಿ. ತಾಯಿಗಳು ವಾಪಸ್ ಬರ್ತವೆ."

ಶಿವಾನಿ ಚಾಕು ತಂದು ಫೋಮ್ ಕೆತ್ತತೊಡಗಿದಳು. ಅಷ್ಟರಲ್ಲೇ ತಾಯಿಗಳು ಹಿಂತಿರುಗಿ, ಅವಳ ತಲೆಯ ಸುತ್ತ ಗಿರಕಿ ಹೊಡೆದು ಗೋಡೆಗೆ ಬಡಿದುಕೊಂಡವು. ಸಂದು ತೆರೆದು ಅವಳು ಹಿಂದೆ ಸರಿದಾಗ ಒಂದೊಂದೇ ಒಳಗೆ ನುಗ್ಗಿ, ಮರಿಯನ್ನು ಎದೆಗೆ ಅಂಟಿಸಿಕೊಂಡು ಹೊರಬಂದು ಕತ್ತಲಲ್ಲಿ ಮರೆಯಾದವು.

"ಇಲ್ಲೇ ಇರ್ರಿ, ಇನ್ನ ಮುಚ್ಚಂಗಿಲ್ಲ," ಎಂದು ಶಿವಾನಿ ಪಿಸುಗುಟ್ಟಿದಳು. ಯಾವುದೂ ನಿಲ್ಲಲಿಲ್ಲ.

ಒಂದು ತಾಯಿ ಮಾತ್ರ ಉಳಿಯಿತು. ಸಂದಿನೊಳಗೆ ಹೋಗಿ ಬರಿದೇ ಹೊರಬಂತು, ಮತ್ತೆ ಒಳಗೆ ಹೋಯಿತು. ಅದು ಹುಡುಕುತ್ತಿದ್ದ ಮರಿ ಫೋಮಿಗೆ ಸಿಕ್ಕಿ ಉಸಿರುಗಟ್ಟಿ ಸತ್ತಿತ್ತು; ಕೆತ್ತಿದ ಫೋಮಿನೊಂದಿಗೆ ಹೊರಬಂದು ಶಿವಾನಿಯ ಅಂಗೈಯಲ್ಲಿತ್ತು.

"ಒಳಗ ಬಾರವಾ," ಎಂದು ಸಿದ್ದಮ್ಮ ಕರೆದರು. ಶಿವಾನಿ ಕದಲಲಿಲ್ಲ.