ಗಂಡಿನ ಮನೆಯ ನೀರು

ಗಂಡಿನ ಮನೆ ನೋಡಲು ಬಂದ ಹುಡುಗಿ ಪಂಚಾಯಿತಿಯಲ್ಲಿ ನೀರು ಪರೀಕ್ಷಿಸುವವಳು. ಹೊರಡುವಾಗ ಅವರ ನಲ್ಲಿಯ ನೀರನ್ನು ಪರೀಕ್ಷೆಯ ಪುಡಿ ಹಾಕಿದ್ದ ಪುಟ್ಟ ಬಾಟಲಿಗೆ ತುಂಬಿಸಿ ಹುಡುಗನ ಕೈಗಿಟ್ಟಳು.

"ಹೊಲಸು ಬ್ಯಾಕ್ಟೀರಿಯಾ ಇದ್ರೆ ಅದರ ಕಿಣ್ವ ಇದರೊಳಗಿನ ಗಂಧಕದ ಉಪ್ಪನ್ನ ಒಡೆದು ನೀರು ಕಪ್ಪು ಮಾಡುತ್ತೆ. ನಾಳೆ ನೋಡಿ ಫೋನ್ ಮಾಡಿ."

ಮರುದಿನ ನೀರು ಕಾಡಿಗೆಯಂತಾಗಿತ್ತು.

"ಬಣ್ಣ ಬದಲಾಗಿಲ್ಲ ಅಂತ ಹೇಳಿಬಿಡೋ ತಿಪ್ಪೇಶ," ಎಂದಳು ತಾಯಿ. "ಆರು ಹೆಣ್ಣು ಕೈಬಿಟ್ಟು ಹೋದ್ವು. ಇದೊಂದನ್ನಾದ್ರೂ ಉಳಿಸ್ಕೊ!"

"ನಾಳೆ ಇದೇ ನೀರು ಕುಡಿಯೋಳು ಅವಳೇ ಅಲ್ವೇನವ್ವ?" ಎಂದು ಮಗ ಫೋನ್ ಮಾಡಿದ. "ಕಪ್ಪಾಗೈತೆ ಕಣ್ರೀ."

ಆ ಕಡೆಯಿಂದ ನಗು ಕೇಳಿಸಿತು.

"ನಿಮ್ಮೂರಲ್ಲೇ ಮೊದಲು ಇನ್ನೆರಡು ಗಂಡಿನ ಮನೆ ನೋಡಿದ್ದೆ. ಅದೇ ಟ್ಯಾಂಕಿನ ನೀರು, ಅಲ್ಲಿ ಕಪ್ಪೇ ಆಗಿಲ್ವಂತೆ! ಮದುವೆ ಯಾವತ್ತಿಗೆ ಇಟ್ಕೊಳ್ಳೋಣ?"